ಮೂರು ಹೊಸ ವಾಹಿನಿಗಳಿಗೆ ಸಹಿ ಹಾಕುವ ಮುನ್ನ ಟೀಮ್‌ರಾಕ್ ರೇಡಿಯೋದ ಕಥೆಯನ್ನು ಓದಿ: ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಬಹಿರಂಗ ಪತ್ರ

ಗೆ,
ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ನವದೆಹಲಿ
ಪ್ರತಿ: ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್)

ಮಾನ್ಯರೇ,

ಖಾಸಗಿ ರೇಡಿಯೋಗಳು ಡಿಜಿಟಲ್ ಪ್ರಸಾರಕ್ಕೆ ಹೊರಳುವ ಬಗೆಯನ್ನು ಕುರಿತು ಟ್ರಾಯ್ 2025ರ ಅಕ್ಟೋಬರ್‌ನಲ್ಲಿ ತನ್ನ ಶಿಫಾರಸುಗಳನ್ನು ಪ್ರಕಟಿಸಿದೆ. ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ ಎಂಬ ನಾಲ್ಕು ‘ಎ ಪ್ಲಸ್’ ನಗರಗಳು ಮತ್ತು ಬೆಂಗಳೂರೂ ಸೇರಿದ ಒಂಬತ್ತು ‘ಎ’ ವರ್ಗದ ನಗರಗಳಿಂದ ಕೆಲಸ ಶುರುವಾಗಬೇಕು, ಒಂದೇ ತರಂಗಾಂತರದಲ್ಲಿ ಈಗಿನ ಎಫ್‌ಎಂ ವಾಹಿನಿಯ ಜೊತೆಜೊತೆಗೇ ಮೂರು ಡಿಜಿಟಲ್ ವಾಹಿನಿಗಳೂ ದತ್ತಾಂಶಕ್ಕೆಂದು ಮತ್ತೊಂದೂ ಹರಿಯಬೇಕು ಎಂಬುದು ಅದರ ತಿರುಳು. ಈ ಮೂರು ಹೆಚ್ಚುವರಿ ವಾಹಿನಿಗಳ ಮಾತು ಕಿವಿಗೆ ಬಿದ್ದಾಗ ನನ್ನಂಥ ರಾಕ್ ಸಂಗೀತದ ಕೇಳುಗರಿಗೆ ಆಸೆ ಮೂಡಿದ್ದು ಸಹಜ. ಚಿತ್ರಗೀತೆಗಳಿಗೆ ಒಂದು, ಹಳೆಯ ಹಾಡುಗಳಿಗೆ ಒಂದು ಹೋದರೂ ಮೂರನೆಯದನ್ನಾದರೂ ಯಾರೋ ಒಬ್ಬರು ಗಿಟಾರಿಗೆ ಬಿಟ್ಟುಕೊಡಬಹುದು ಎಂಬ ಆಸೆ ಅದು. ಅಂಥ ವಾಹಿನಿಯೊಂದು ಶುರುವಾಗುವುದು ಕಷ್ಟವೇನಲ್ಲ. ಎರಡೂವರೆ ವರ್ಷದ ಮೇಲೆ ಅದು ಹೇಗೆ ಮುಚ್ಚಿಹೋಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲಿ ಟೀಮ್‌ರಾಕ್ ರೇಡಿಯೋ ಎಂಬ ರಾಕ್ ವಾಹಿನಿಯ ಚೆನ್ನಾಗಿ ದಾಖಲಾದ ಉದಾಹರಣೆಯಿದೆ. ಅದನ್ನು ನಿಮ್ಮ ಮುಂದಿಡುವುದಕ್ಕಾಗಿಯೇ ಈ ಪತ್ರ.

ಬ್ರಿಟನ್ನಿನ ವ್ಯವಸ್ಥೆಯ ಬಗ್ಗೆ ಮೊದಲು ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಲ್ಲಿನ ಡಿಜಿಟಲ್ ರೇಡಿಯೋ ಡಿಎಬಿ ಎಂಬ ತಂತ್ರಜ್ಞಾನದಲ್ಲಿ ನಡೆಯುತ್ತದೆ. ಎಫ್‌ಎಂನಲ್ಲಿ ಒಂದು ವಾಹಿನಿಗೆ ಒಂದು ತರಂಗಾಂತರ ಇರುವಂತೆ ಅಲ್ಲಿಲ್ಲ. ಹಲವು ವಾಹಿನಿಗಳನ್ನು ಒಟ್ಟುಗೂಡಿಸಿ ಒಂದೇ ಸಂಕೇತವಾಗಿ ಬಿಡುವ ಮಲ್ಟಿಪ್ಲೆಕ್ಸ್ ಎಂಬ ವ್ಯವಸ್ಥೆಗೆ ಬೇರೆಯೇ ಪರವಾನಗಿ ಇರುತ್ತದೆ, ಬೇರೆಯೇ ಒಡೆಯರೂ ಇರುತ್ತಾರೆ. ವಾಹಿನಿ ನಡೆಸುವವರು ಅದರಲ್ಲಿ ಜಾಗವನ್ನು ಬಾಡಿಗೆಗೆ ಪಡೆಯಬೇಕು. ಒಂದು ಮಲ್ಟಿಪ್ಲೆಕ್ಸಿನಲ್ಲಿ ವಾಡಿಕೆಯಾಗಿ ಸಿಗುವುದು ಸೆಕೆಂಡಿಗೆ ಸುಮಾರು 1,150 ಕಿಲೋಬಿಟ್. ಎಂಪಿ2 ಎಂಬ ಹಳೆಯ ಧ್ವನಿಸಂಕೋಚನ ವಿಧಾನದಲ್ಲಿ ಒಂದು ಸ್ಟೀರಿಯೋ ವಾಹಿನಿ 128 ಕಿಲೋಬಿಟ್ ನುಂಗುತ್ತದೆ. ಅಂದರೆ ಅಚ್ಚುಕಟ್ಟಾಗಿ ಕೂಡಿಸಿದರೂ ಒಂಬತ್ತು ವಾಹಿನಿಗಳಿಗಷ್ಟೇ ಸ್ಥಳ. ದೇಶವಿಡೀ ತಲುಪುವ ಡಿಜಿಟಲ್ ಒನ್ ಎಂಬ ವಾಣಿಜ್ಯ ಮಲ್ಟಿಪ್ಲೆಕ್ಸ್ 1999ರ ನವೆಂಬರ್‌ನಲ್ಲಿ ಆರಂಭವಾದಾಗಿನಿಂದ 2016ರ ಆರಂಭದವರೆಗೆ ಆ ಬಗೆಯದು ಅದೊಂದೇ ಇತ್ತು. ಒಂದೇ ಇದ್ದಾಗ ಬಾಡಿಗೆ ಹೇಗಿರುತ್ತದೆ ಎಂಬುದನ್ನು ಯಾವ ಊರಿನ ಬಾಡಿಗೆದಾರನನ್ನು ಕೇಳಿದರೂ ಹೇಳುತ್ತಾನೆ. ಈ ಬಾಡಿಗೆ ತಗ್ಗಿಸಲು ಹಲವು ವಾಹಿನಿಗಳು ಎಡಬಲದ ಭೇದವಿಲ್ಲದ, 80 ಕಿಲೋಬಿಟ್ಟಿನ ಮೋನೋಗೆ ಇಳಿದವು. ಡ್ರಮ್ಮಿನ ತಾಳದ ತಟ್ಟೆಗಳ ಮೊರೆತ, ಎಡಬಲಕ್ಕೆ ಹಂಚಿದ ಎರಡು ಗಿಟಾರುಗಳ ಸಂವಾದ ಇವೇ ಜೀವಾಳವಾದ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಡಿಜಿಟಲ್ ಒನ್‌ನ ಮೊದಲ ಬಾಡಿಗೆದಾರರಲ್ಲೇ ಒಂದು ರಾಕ್ ವಾಹಿನಿ ಇತ್ತು. ಅದರ ಹೆಸರು ಪ್ಲಾನೆಟ್ ರಾಕ್. ಅದನ್ನು ನಡೆಸುತ್ತಿದ್ದ ಜಿಕ್ಯಾಪ್ ಮೀಡಿಯಾ ಸಂಸ್ಥೆ 2008ರ ಫೆಬ್ರವರಿಯಲ್ಲಿ, ಡಿಎಬಿ ತನಗೆ ಆರ್ಥಿಕವಾಗಿ ಗಿಟ್ಟುತ್ತಿಲ್ಲವೆಂದು ಸಾರಿ, ಪ್ಲಾನೆಟ್ ರಾಕ್ ಮತ್ತು ದಿ ಜಾಝ್ ಎಂಬ ಎರಡು ವಾಹಿನಿಗಳನ್ನು ಕೈಬಿಡುವ ನಿರ್ಧಾರ ಪ್ರಕಟಿಸಿತು. ಡಿಜಿಟಲ್ ಒನ್‌ನಲ್ಲಿ ತನಗಿದ್ದ ಸಿಂಹಪಾಲನ್ನು ಒಂದು ಪೌಂಡಿನ ನಾಮಮಾತ್ರದ ಬೆಲೆಗೆ ಮಾರಲೂ ಅದು ಸಿದ್ಧವಾಗಿತ್ತು. ದಿ ಜಾಝ್ ಅದೇ ಮಾರ್ಚ್ ಕೊನೆಗೆ ನಿಂತುಹೋಯಿತು. ಪ್ಲಾನೆಟ್ ರಾಕ್ ಮಾತ್ರ ಉಳಿಯಿತು, ಉಳಿದ ರೀತಿಯೂ ವಿಚಿತ್ರ: ಮ್ಯಾಲ್ಕಮ್ ಬ್ಲೂಮೆಲ್ ಎಂಬ ಉದ್ಯಮಿ ಅದನ್ನು ಕೊಂಡುಕೊಂಡರು, ಅವರ ಜೊತೆಗೆ ಹಣ ಹೂಡಿದವರಲ್ಲಿ ಬ್ಲ್ಯಾಕ್ ಸಬ್ಬಾತ್‌ನ ಟೋನಿ ಐಯೋಮಿ, ಜೆಥ್ರೋ ಟಲ್‌ನ ಇಯಾನ್ ಆಂಡರ್ಸನ್, ಗಿಟಾರ್ ವಾದಕ ಗ್ಯಾರಿ ಮೂರ್ ಮತ್ತು ಗಾಯಕ ಫಿಶ್ ಇದ್ದರು. ತಮ್ಮ ಹಾಡುಗಳನ್ನು ನುಡಿಸುವ ವಾಹಿನಿ ಸಾಯಬಾರದೆಂದು ಹಾಡುಗಾರರೇ ಜೇಬಿಗೆ ಕೈಹಾಕಿದ ಪ್ರಸಂಗ ಅದು. ಕೇಳಲು ಸೊಗಸಾಗಿದೆ. ಆದರೆ ನೀತಿ ರೂಪಿಸುವವರು ಇದರಿಂದ ಸಮಾಧಾನಪಡಬಾರದು. ಜಾಝ್‌ಗೆ ಅಂಥ ಸಿರಿವಂತ ಅಭಿಮಾನಿ ಸಿಗಲಿಲ್ಲ ಎಂಬುದೊಂದೇ ಎರಡು ವಾಹಿನಿಗಳ ಹಣೆಬರಹದ ನಡುವಿನ ವ್ಯತ್ಯಾಸ. 2013ರ ಫೆಬ್ರವರಿಯಲ್ಲಿ ಬೌವರ್ ಮೀಡಿಯಾ ಎಂಬ ದೊಡ್ಡ ಸಂಸ್ಥೆ ಪ್ಲಾನೆಟ್ ರಾಕ್ ಅನ್ನು ಕೊಂಡಿತು. ಅಲ್ಲಿಂದ ಮುಂದೆ ಬಾಡಿಗೆಯ ಭಾರ ಹೊರಲು ಅದಕ್ಕೆ ಅಗಲವಾದ ಹೆಗಲು ಸಿಕ್ಕಿತು.

ಈ ನಡುವೆ 2010ರಲ್ಲಿ ಬಿಬಿಸಿಯ 6 ಮ್ಯೂಸಿಕ್ ವಾಹಿನಿಗೂ ಮರಣಶಾಸನ ಬರೆಯಲಾಗಿತ್ತು. 2002ರ ಮಾರ್ಚ್‌ನಲ್ಲಿ ಹುಟ್ಟಿದ, ಡಿಜಿಟಲ್‌ನಲ್ಲಿ ಮಾತ್ರ ಸಿಗುವ ವಾಹಿನಿ ಅದು. ಪರ್ಯಾಯ ರಾಕ್‌ಗೆ ಬ್ರಿಟನ್ನಿನಲ್ಲಿ ಅದೇ ಮನೆ. ಮುಚ್ಚುವ ಸುದ್ದಿ ಹೊರಬಿದ್ದ ಕೂಡಲೇ ಕೇಳುಗರು ಕೋಪಗೊಂಡರು, ಜೊತೆಗೆ ಅದುವರೆಗೆ ಅತ್ತ ತಿರುಗಿಯೂ ನೋಡದಿದ್ದವರು ಕುತೂಹಲಕ್ಕೆ ಕೇಳತೊಡಗಿದರು. ವಾರದ ಕೇಳುಗರ ಸಂಖ್ಯೆ ಹತ್ತು ಲಕ್ಷ ದಾಟಿತು. ಇಲ್ಲಿ ಗಮನಿಸಬೇಕಾದದ್ದು ಕೋಪವನ್ನಲ್ಲ, ಆ ಕೋಪಕ್ಕೆ ಒಂದು ವಿಳಾಸವಿತ್ತು ಎಂಬುದನ್ನು. ಬಿಬಿಸಿಯ ಆಡಳಿತದ ಮೇಲೆ ಆಗ ಬಿಬಿಸಿ ಟ್ರಸ್ಟ್ ಎಂಬ ಮೇಲ್ವಿಚಾರಣಾ ಮಂಡಳಿ ಇತ್ತು. ಅದು ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕಾಗಿತ್ತು, ಕೇಳಿತು. ಮುಚ್ಚುವುದಕ್ಕೆ ಕೊಟ್ಟ ಕಾರಣಗಳು ಸಾಲವು ಎಂದು ಜುಲೈನಲ್ಲಿ ಹೇಳಿತು. ವಾಹಿನಿ ಇಂದಿಗೂ ಇದೆ.

ಈಗ ಟೀಮ್‌ರಾಕ್‌ಗೆ ಬರುತ್ತೇನೆ. ಅದಕ್ಕೆ ಸಿರಿವಂತ ಹಾಡುಗಾರರೂ ಇರಲಿಲ್ಲ, ಟ್ರಸ್ಟೂ ಇರಲಿಲ್ಲ. ಹಾಗೆಂದು ಅದನ್ನು ಕಟ್ಟಿದವರು ಕಸುಬು ಗೊತ್ತಿಲ್ಲದವರು ಎಂದು ಯಾರೂ ಹೇಳಲಾರರು. ಬಿಲ್ಲಿ ಆಂಡರ್ಸನ್ ಮತ್ತು ಜಾನ್ ಮೈಯರ್ಸ್ ಇಬ್ಬರೂ ರೇಡಿಯೋ ವ್ಯವಹಾರದಲ್ಲಿ ಪಳಗಿದವರು. ಮೈಯರ್ಸ್ ಅವರಂತೂ ಜಿಎಂಜಿ ರೇಡಿಯೋದ ಮುಖ್ಯಸ್ಥರಾಗಿದ್ದವರು. ಸ್ಥಳೀಯ ವಾಣಿಜ್ಯ ರೇಡಿಯೋಗಳ ನಿಯಮಗಳನ್ನು ಪರಿಶೀಲಿಸಿ ವರದಿ ಕೊಡಿ ಎಂದು 2009ರಲ್ಲಿ ಬ್ರಿಟನ್ ಸರ್ಕಾರವೇ ಕೇಳಿಕೊಂಡದ್ದು ಅವರನ್ನು. ಇಂಥವರು ಕೂತು ಹಾಕಿದ ಲೆಕ್ಕಾಚಾರ ಹೀಗಿತ್ತು: ರಾಕ್ ಕೇಳುವವನು ರೇಡಿಯೋ ಮಾತ್ರ ಕೇಳುವುದಿಲ್ಲ, ಪತ್ರಿಕೆ ಓದುತ್ತಾನೆ, ಸಂಗೀತ ಕಛೇರಿಗೆ ಹೋಗುತ್ತಾನೆ, ಟೀ ಶರ್ಟ್ ಕೊಳ್ಳುತ್ತಾನೆ, ಇವೆಲ್ಲವನ್ನೂ ಒಂದೇ ಸೂರಿನಡಿ ತಂದರೆ ಒಂದರ ನಷ್ಟವನ್ನು ಇನ್ನೊಂದು ತುಂಬುತ್ತದೆ. ಅದರಂತೆ 2013ರ ಏಪ್ರಿಲ್‌ನಲ್ಲಿ ಫ್ಯೂಚರ್ ಪ್ರಕಾಶನ ಸಂಸ್ಥೆಯಿಂದ ಕ್ಲಾಸಿಕ್ ರಾಕ್, ಮೆಟಲ್ ಹ್ಯಾಮರ್, ಪ್ರಾಗ್ ಎಂಬ ಮೂರು ನಿಯತಕಾಲಿಕೆಗಳನ್ನು 1 ಕೋಟಿ 2 ಲಕ್ಷ ಪೌಂಡಿಗೆ ಕೊಂಡರು. ಜೂನ್‌ನಲ್ಲಿ ಡಿಜಿಟಲ್ ಒನ್‌ನಲ್ಲಿ ಜಾಗ ಪಡೆದು ಟೀಮ್‌ರಾಕ್ ರೇಡಿಯೋ ಆರಂಭಿಸಿದರು. ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಎಂಬ ಪುಟ್ಟ ಊರಿನಲ್ಲೊಂದು, ಲಂಡನ್ನಿನಲ್ಲೊಂದು ಕಚೇರಿ. ಪ್ಲಾನೆಟ್ ರಾಕ್ ಹಳೆಯ ಹಾಡುಗಳತ್ತ ವಾಲಿದ್ದರೆ, ಇವರು ಹೊಸ ತಂಡಗಳಿಗೂ ಗಡಸು ಮೆಟಲ್‌ಗೂ ಬಾಗಿಲು ತೆರೆದರು. ಪತ್ರಿಕೆಯಲ್ಲಿ ಬರೆಯುವವರೇ ಮೈಕಿನ ಮುಂದೆ ಬಂದು ಮಾತಾಡುವ ಪರಿಪಾಠ ಬೆಳೆಯಿತು. ಒಂದು ಹಾಡು ಯಾರ ಮನೆಯ ಗ್ಯಾರೇಜಿನಲ್ಲಿ ಹುಟ್ಟಿತೆಂದು ತಿಳಿದವರೇ ಅದನ್ನು ನುಡಿಸಿದರೆ ಕೇಳುವ ಸುಖವೇ ಬೇರೆ. ಯಂತ್ರ ಆರಿಸಿಕೊಡುವ ಹಾಡುಪಟ್ಟಿಗಳಿಗೆ ಅದು ಎಂದೂ ಸಿದ್ಧಿಸದು ಎಂಬುದು ನನ್ನ ಅಭಿಪ್ರಾಯ.

ಎರಡೂವರೆ ವರ್ಷಗಳಲ್ಲಿ ಅದು ಮುಗಿಯಿತು. 2015ರ ಕೊನೆಗೆ ಟೀಮ್‌ರಾಕ್ ರೇಡಿಯೋ ಡಿಎಬಿಯಿಂದ ಇಳಿದು ಅಂತರ್ಜಾಲಕ್ಕೆ ಸೀಮಿತವಾಯಿತು. ಇದನ್ನು ಹಿನ್ನಡೆ ಎನ್ನದೆ ಭವಿಷ್ಯದತ್ತ ಇಟ್ಟ ಹೆಜ್ಜೆ ಎಂದು ವರ್ಣಿಸುವುದು ಇಂಥ ಸಂದರ್ಭಗಳಲ್ಲಿ ರೂಢಿ. ಕಾರಿನಲ್ಲಿ ಗುಂಡಿ ಒತ್ತಿ ಕೇಳುತ್ತಿದ್ದವನಿಗೆ ಮಾತ್ರ ವಾಹಿನಿ ಆ ದಿನವೇ ಮುಚ್ಚಿಹೋದಂತೆ. ಒಂದು ವರ್ಷದ ಬಳಿಕ, 2016ರ ಡಿಸೆಂಬರ್ 19ರಂದು, ಇಡೀ ಸಂಸ್ಥೆಯೇ ದಿವಾಳಿ ಆಡಳಿತಗಾರರ ಕೈಸೇರಿತು. ಎಂಬತ್ತು ಸಿಬ್ಬಂದಿಯಲ್ಲಿ 73 ಮಂದಿ ಕ್ರಿಸ್‌ಮಸ್ಸಿಗೆ ಆರು ದಿನ ಇರುವಾಗ ಕೆಲಸ ಕಳೆದುಕೊಂಡರು. ಆರೆಂಜ್ ಗಾಬ್ಲಿನ್ ತಂಡದ ಗಾಯಕ ಬೆನ್ ವಾರ್ಡ್, ಕೆಲಸ ಕಳೆದುಕೊಂಡವರಿಗಾಗಿ ಸಾರ್ವಜನಿಕ ನಿಧಿಯೊಂದನ್ನು ತೆರೆದರು, ಕೆಲವೇ ದಿನಗಳಲ್ಲಿ ಎಪ್ಪತ್ತು ಸಾವಿರ ಪೌಂಡಿಗೂ ಹೆಚ್ಚು ಹಣ ಕೂಡಿತು. ಕೇಳುಗರೂ ಓದುಗರೂ ಇರಲಿಲ್ಲ ಎನ್ನುವವರಿಗೆ ಇದೇ ಉತ್ತರ. 2017ರ ಜನವರಿಯಲ್ಲಿ ಫ್ಯೂಚರ್ ಸಂಸ್ಥೆ ತಾನೇ ಮಾರಿದ್ದ ಮೂರು ಪತ್ರಿಕೆಗಳನ್ನೂ ಟೀಮ್‌ರಾಕ್ ಹೆಸರನ್ನೂ 8 ಲಕ್ಷ ಪೌಂಡಿಗೆ ಮರಳಿ ಕೊಂಡಿತು, ಅಂದರೆ ಮಾರಿದ ಬೆಲೆಯ ಹನ್ನೆರಡನೆಯ ಒಂದು ಭಾಗಕ್ಕೂ ಕಡಿಮೆಗೆ. ಪತ್ರಿಕೆಗಳು ಮತ್ತೆ ಅಂಗಡಿಗೆ ಬಂದವು. ಡಿಎಬಿಗೆ ಆ ರೇಡಿಯೋ ಮರಳಲಿಲ್ಲ.

ಪತ್ರಿಕೆ ಮರಳಿದಾಗ ರೇಡಿಯೋ ಏಕೆ ಮರಳಲಿಲ್ಲ ಎಂಬ ಪ್ರಶ್ನೆಯೇ ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು. ಪತ್ರಿಕೆಯ ಖರ್ಚು ಓದುಗರ ಸಂಖ್ಯೆಗೆ ತಕ್ಕಂತೆ ಏರಿಳಿಯುತ್ತದೆ. ಸಾವಿರ ಪ್ರತಿ ಕಡಿಮೆ ಮಾರಾಟವಾಗುವುದಾದರೆ ಸಾವಿರ ಪ್ರತಿ ಕಡಿಮೆ ಅಚ್ಚು ಹಾಕಬಹುದು. ರೇಡಿಯೋದ ಪ್ರಸರಣ ಬಾಡಿಗೆ ಹಾಗಲ್ಲ. ಕೇಳುವವರು ಹತ್ತು ಸಾವಿರವಿರಲಿ, ಹತ್ತು ಲಕ್ಷವಿರಲಿ, ದೇಶವ್ಯಾಪಿ ಮಲ್ಟಿಪ್ಲೆಕ್ಸಿಗೆ ಕಟ್ಟಬೇಕಾದ ಮೊತ್ತ ಬದಲಾಗುವುದಿಲ್ಲ. ಒಂದೇ ಬಗೆಯ ಸಂಗೀತವನ್ನು ಆಳವಾಗಿ ಪ್ರೀತಿಸುವ ಸಣ್ಣ ಸಮುದಾಯದ ವಾಹಿನಿಯೂ, ಎಲ್ಲರಿಗೂ ಎಲ್ಲವನ್ನೂ ಉಣಬಡಿಸುವ ದೊಡ್ಡ ವಾಹಿನಿಯೂ ಅಲ್ಲಿ ಒಂದೇ ದರ ತೆರಬೇಕು. ಇಂಥ ವ್ಯವಸ್ಥೆಯಲ್ಲಿ ರಾಕ್ ವಾಹಿನಿ ಸೋತರೆ ಅದನ್ನು ರಾಕ್ ಸಂಗೀತದ ಸೋಲೆಂದು ಬರೆದುಕೊಳ್ಳುವುದು ಲೆಕ್ಕದ ತಪ್ಪು.

ಕಾಲದ ಕ್ರೌರ್ಯವನ್ನೂ ನೋಡಿ. ಟೀಮ್‌ರಾಕ್ ಡಿಎಬಿ ತೊರೆದು ಎರಡೇ ತಿಂಗಳಿಗೆ, 2016ರ ಫೆಬ್ರವರಿ 29ರಂದು, ಎರಡನೆಯ ದೇಶವ್ಯಾಪಿ ವಾಣಿಜ್ಯ ಮಲ್ಟಿಪ್ಲೆಕ್ಸ್ ಸೌಂಡ್ ಡಿಜಿಟಲ್ ಆರಂಭವಾಯಿತು. ಡಿಎಬಿ ಪ್ಲಸ್ ಎಂಬ ಹೊಸ ವಿಧಾನ ಅಲ್ಲಿ ದೇಶಮಟ್ಟದಲ್ಲಿ ಮೊದಲ ಬಾರಿಗೆ ಬಂತು. ಹಳೆಯ ವಿಧಾನದ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಅಷ್ಟೇ ಒಳ್ಳೆಯ ಧ್ವನಿ ಕೊಡುವ ಈ ವಿಧಾನ ಸಿದ್ಧವಾಗಿದ್ದದ್ದು 2007ರಲ್ಲೇ. ಅದನ್ನು ಬಳಕೆಗೆ ತರಲು ಬ್ರಿಟನ್ ಒಂಬತ್ತು ವರ್ಷ ತಡಮಾಡಿತು, ಹಳೆಯ ಸೆಟ್ಟುಗಳು ನಿರುಪಯೋಗಿಯಾದಾವೆಂಬ ಅಂಜಿಕೆಯಿಂದ. ಅಂಜಿಕೆ ನ್ಯಾಯವಾದದ್ದೇ ಇರಬಹುದು. ಆದರೆ ಆ ಒಂಬತ್ತು ವರ್ಷಗಳ ಬಾಡಿಗೆಯನ್ನು ಕಟ್ಟಿದವರು ನಿಯಮ ಮಾಡಿದವರಲ್ಲ. ಬೇಗ ಬಂದು ದಾರಿ ಸವೆಸಿದ ಸಣ್ಣವರು ಹೋದ ಮೇಲೆ ದಾರಿ ಅಗಲವಾಯಿತು. ಅತ್ತ ಪ್ಲಾನೆಟ್ ರಾಕ್‌ಗೆ, ಒಡೆಯರ ಬಲದಿಂದ, ಬರ್ಮಿಂಗ್‌ಹ್ಯಾಮ್ ಸೀಮೆಯ ಒಂದು ಎಫ್‌ಎಂ ತರಂಗಾಂತರವೇ ದಕ್ಕಿತ್ತು. ಹೆವಿ ಮೆಟಲ್ ಹುಟ್ಟಿದ ಊರಿನಲ್ಲಿ ಡಿಜಿಟಲ್ ಕೂಸೊಂದು ಅನಲಾಗ್ ತೊಟ್ಟಿಲಿಗೆ ಮರಳಿದ್ದನ್ನು ನೆನೆದರೆ ನಗು ಬರುತ್ತದೆ.

ಬ್ರಿಟನ್ ತಡವಾಗಿಯಾದರೂ ಒಂದು ಒಳ್ಳೆಯ ಕೆಲಸ ಮಾಡಿತು ಎಂಬುದನ್ನೂ ಹೇಳಬೇಕು. ಮುಕ್ತ ತಂತ್ರಾಂಶ ಮತ್ತು ಅಗ್ಗದ ಸಾಮಾನ್ಯ ಕಂಪ್ಯೂಟರುಗಳನ್ನು ಬಳಸಿ ಒಂದು ಊರಿಗಷ್ಟೇ ಸಾಲುವ ಪುಟ್ಟ ಮಲ್ಟಿಪ್ಲೆಕ್ಸ್ ನಡೆಸಬಹುದೆಂದು ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಂ 2015ರಲ್ಲಿ ಹತ್ತು ಕಡೆ ಪ್ರಯೋಗ ನಡೆಸಿ ತೋರಿಸಿತು. 2017ರಲ್ಲಿ ಅದಕ್ಕೆ ಬೇಕಾದ ಕಾಯ್ದೆಯೂ ಬಂತು. ಅದರ ಫಲವಾಗಿ ಸಣ್ಣ ಸಮುದಾಯ ವಾಹಿನಿಗಳು ದೇಶವ್ಯಾಪಿ ಬಾಡಿಗೆಯ ಗೊಡವೆಗೆ ಹೋಗದೆ ಡಿಜಿಟಲ್ ಆಗತೊಡಗಿದವು.

ಮಾನ್ಯರೇ, ಇದೆಲ್ಲ ಸಾಗರದಾಚೆಯ ಕಥೆ, ನಮ್ಮಲ್ಲಿ ಮಲ್ಟಿಪ್ಲೆಕ್ಸ್ ಬಾಡಿಗೆಯ ಪದ್ಧತಿಯೇ ಇಲ್ಲ, ತರಂಗಾಂತರ ಪಡೆದವರೇ ಮೂರೂ ವಾಹಿನಿಗಳನ್ನು ನಡೆಸುತ್ತಾರೆ ಎಂದು ನೀವು ಹೇಳಬಹುದು. ನನ್ನ ಆತಂಕ ಇರುವುದು ಅಲ್ಲೇ. ನಮ್ಮಲ್ಲಿ ಬಾಡಿಗೆಯ ಜಾಗದಲ್ಲಿ ಹರಾಜಿನ ಬೆಲೆ ಇದೆ. ಕೋಟಿಗಟ್ಟಲೆ ಸುರಿದು ತರಂಗಾಂತರ ಹಿಡಿದವರು ಮೊದಲ ವಾಹಿನಿಯಲ್ಲಿ ಹೊಸ ಚಿತ್ರಗೀತೆ, ಎರಡನೆಯದರಲ್ಲಿ ಹಳೆಯ ಚಿತ್ರಗೀತೆ, ಮೂರನೆಯದರಲ್ಲಿ ಪ್ರೇಮದ ಚಿತ್ರಗೀತೆ ಹಾಕಿದರೆ ಅವರನ್ನು ದೂರುವ ಹಾಗಿಲ್ಲ. ಹಾಕಿದ ಹಣ ತೆಗೆಯುವ ಹತ್ತಿರದ ದಾರಿ ಅದೇ. ದೇಶದ ಮೊದಲ ಖಾಸಗಿ ಎಫ್‌ಎಂ ವಾಹಿನಿ 2001ರ ಜುಲೈನಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಎರಡು ದಶಕಗಳಲ್ಲಿ ವಾಹಿನಿಗಳು ಹೆಚ್ಚಿದವು, ಬಗೆಗಳು ಹೆಚ್ಚಲಿಲ್ಲ. ಇಂಗ್ಲಿಷ್ ಸಂಗೀತಕ್ಕೆಂದು 2006ರಲ್ಲಿ ಬಂದ ಇಂಡಿಗೋದಂಥ ಬೆರಳೆಣಿಕೆಯ ಅಪವಾದಗಳಿವೆ, ಅಷ್ಟೆ.

ಡಿಜಿಟಲ್ ರೇಡಿಯೋ ಮುಚ್ಚಿಹೋಗುವುದೆಂದರೆ ಏನೆಂದು ಈ ಊರಿಗೆ ಈಗಾಗಲೇ ಗೊತ್ತು. ನೋಆ ಸಮಾರಾ ಅವರು 1990ರಲ್ಲಿ ಸ್ಥಾಪಿಸಿದ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೋ ಸಂಸ್ಥೆಯ ಏಷ್ಯಾಸ್ಟಾರ್ ಉಪಗ್ರಹ 2000ದ ಮಾರ್ಚ್‌ನಲ್ಲಿ, ನಮ್ಮದೇ ಇನ್ಸಾಟ್ 3ಬಿಯ ಜೊತೆ ಒಂದೇ ಏರಿಯಾನ್ ರಾಕೆಟ್ಟಿನಲ್ಲಿ, ಕಕ್ಷೆ ಸೇರಿತ್ತು. ಅದರ ಭಾರತದ ಕಚೇರಿ ಬೆಂಗಳೂರಿನಲ್ಲಿತ್ತು. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಜಾಝ್, ರಾಕ್, ಕನ್ನಡ ಹೀಗೆ ಒಂದೊಂದಕ್ಕೂ ಜಾಹೀರಾತಿಲ್ಲದ ಪ್ರತ್ಯೇಕ ವಾಹಿನಿ, ಎ. ಆರ್. ರೆಹಮಾನ್ ಅದರ ರಾಯಭಾರಿ. 2005ರಲ್ಲಿ ಟ್ರಾಯ್ ಉಪಗ್ರಹ ರೇಡಿಯೋ ಬಗ್ಗೆ ಶಿಫಾರಸು ಕೊಟ್ಟಿತ್ತು. ನೀತಿ ಕೊನೆಗೂ ಗಟ್ಟಿಯಾಗಲಿಲ್ಲ. ಓಡುವ ಕಾರಿನಲ್ಲಿ ಸಂಕೇತ ನಿಲ್ಲಬೇಕಾದರೆ ನೆಲದ ಮೇಲೆ ಮರುಪ್ರಸಾರಕಗಳು ಬೇಕು, ಅವುಗಳಿಗೆ ಅನುಮತಿಯ ಹಾದಿ ತೆರೆಯದೆ ರೇಡಿಯೋ ಕಿಟಕಿಯ ಬದಿಯಲ್ಲೇ ಕೂತಿತು. 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೂಲಸಂಸ್ಥೆ ದಿವಾಳಿ ರಕ್ಷಣೆ ಕೋರಿತು, 2009ರ ಡಿಸೆಂಬರ್ 31ರಂದು ಭಾರತದ ಸೇವೆ ನಿಂತಿತು. ಚಂದಾದಾರರಿಗೆ ಸುದ್ದಿ ತಲುಪಿದ್ದು ಅದೇ ಡಿಸೆಂಬರ್ ಕೊನೆಯ ವಾರದಲ್ಲಿ. ವರ್ಷದ ಚಂದಾವನ್ನು ಮುಂಗಡವಾಗಿ ಕಟ್ಟಿಸಿಕೊಂಡ ಸೇವೆಯೊಂದು ಒಂದು ವಾರದ ಸೂಚನೆಯಲ್ಲಿ ನಿಲ್ಲಬಹುದಾಗಿತ್ತು, ಏಕೆಂದರೆ ನಿಲ್ಲಬಾರದೆಂಬ ನಿಯಮ ಎಲ್ಲೂ ಇರಲಿಲ್ಲ.

ಬೆಂಗಳೂರಿನಲ್ಲಿ ರಾಕ್ ಕೇಳುವವರು ಎಷ್ಟು ಮಂದಿ ಇದ್ದಾರು ಎಂದು ಕಡತದ ಅಂಚಿನಲ್ಲಿ ಯಾರಾದರೂ ಪ್ರಶ್ನೆ ಬರೆಯುವ ಮೊದಲೇ ಉತ್ತರಿಸುತ್ತೇನೆ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಇದೇ ಅರಮನೆ ಮೈದಾನದಲ್ಲಿ ನುಡಿಸಿದವು. ಥರ್ಮಲ್ ಅಂಡ್ ಎ ಕ್ವಾರ್ಟರ್, ಕ್ರಿಪ್ಟೋಸ್ ಇಲ್ಲಿ ಹುಟ್ಟಿ ದಶಕಗಳಿಂದ ನುಡಿಸುತ್ತಿವೆ. ರಘು ದೀಕ್ಷಿತ್ ಅವರು ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಏರಿಸಿ ಹೊರದೇಶಗಳ ವೇದಿಕೆಗಳಿಗೆ ಒಯ್ದಿದ್ದಾರೆ. ಸ್ವರಾತ್ಮ ಕನ್ನಡದಲ್ಲೂ ಹಿಂದಿಯಲ್ಲೂ ಹಾಡುತ್ತದೆ. ಕನ್ನಡದಲ್ಲಿ ಬರೆದು ಹಾಡುವ ಹೊಸ ತಂಡಗಳಿಗೆ ಇವತ್ತು ಚಿತ್ರರಂಗದ ಹೊಸ್ತಿಲು ತುಳಿಯದೆ ರೇಡಿಯೋದಲ್ಲಿ ನಿಯತವಾಗಿ ಕೇಳಿಸಿಕೊಳ್ಳುವ ದಾರಿ ಇಲ್ಲ. ಒಂದು ರಾಕ್ ವಾಹಿನಿ ಬೇಕೆನ್ನುವುದು ವಿದೇಶಿ ಹಾಡುಗಳಿಗಾಗಿ ಮಾತ್ರವಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ.

ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ರೇಡಿಯೋ ಏಕೆ, ಟೀಮ್‌ರಾಕ್‌ನಂತೆ ಅಂತರ್ಜಾಲಕ್ಕೆ ಹೋಗಬಹುದಲ್ಲ ಎಂಬ ಮಾತೂ ಬರುತ್ತದೆ. ನಮ್ಮಲ್ಲಿ ಆ ದಾರಿ ಬ್ರಿಟನ್ನಿಗಿಂತ ಕಡಿದು. ಹಕ್ಕುಸ್ವಾಮ್ಯ ಕಾಯ್ದೆಯ 31ಡಿ ಕಲಮು ರೇಡಿಯೋ ಮತ್ತು ಟಿವಿ ಪ್ರಸಾರಕರಿಗೆ ನಿಗದಿತ ದರದಲ್ಲಿ ಹಾಡು ನುಡಿಸುವ ಶಾಸನಬದ್ಧ ಪರವಾನಗಿ ಕೊಡುತ್ತದೆ. ಅದು ಅಂತರ್ಜಾಲದ ಸೇವೆಗಳಿಗೆ ಅನ್ವಯಿಸದೆಂದು ಬಾಂಬೆ ಹೈಕೋರ್ಟ್ 2019ರಲ್ಲಿ ತೀರ್ಪು ನೀಡಿದೆ, ಅದೇ ನ್ಯಾಯಾಲಯದ ವಿಭಾಗೀಯ ಪೀಠ 2022ರಲ್ಲಿ ಅದನ್ನು ಎತ್ತಿಹಿಡಿದಿದೆ. ಗಾಳಿಯಿಂದ ಇಳಿದ ವಾಹಿನಿ ಇಲ್ಲಿ ಪ್ರತಿಯೊಂದು ಧ್ವನಿಮುದ್ರಣ ಸಂಸ್ಥೆಯ ಬಾಗಿಲಲ್ಲೂ ಬೇರೆಬೇರೆಯಾಗಿ ಚೌಕಾಸಿಗೆ ನಿಲ್ಲಬೇಕಾಗುತ್ತದೆ. ಇದು ಸಣ್ಣ ವಾಹಿನಿಗೆ ಆಗದ ಕೆಲಸ.

ಹಾಗಾಗಿ ನನ್ನ ಕೋರಿಕೆಗಳು ಶುರುಮಾಡುವುದಕ್ಕಿಂತ ಹೆಚ್ಚಾಗಿ ಮುಚ್ಚುವುದನ್ನು ಕುರಿತಾಗಿವೆ. ಪ್ರತಿ ತರಂಗಾಂತರದ ಮೂರು ಡಿಜಿಟಲ್ ವಾಹಿನಿಗಳಲ್ಲಿ ಒಂದನ್ನಾದರೂ ಚಿತ್ರಸಂಗೀತವಲ್ಲದ ಒಂದು ನಿರ್ದಿಷ್ಟ ಬಗೆಗೆ, ಅದು ರಾಕ್ ಇರಲಿ, ಜಾನಪದವಿರಲಿ, ಶಾಸ್ತ್ರೀಯವಿರಲಿ, ಮೀಸಲಿಡುವವರಿಗೆ ವಾರ್ಷಿಕ ಶುಲ್ಕದಲ್ಲಿ ರಿಯಾಯಿತಿ ಕೊಡಿ. ಕಡ್ಡಾಯ ಬೇಡ, ಕಡ್ಡಾಯದ ಸಂಗೀತ ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ತರಂಗಾಂತರ ಹಿಡಿದವರು ಮೂರನೆಯ ವಾಹಿನಿಯನ್ನು ಹೊರಗಿನ ಸಣ್ಣ ತಂಡಕ್ಕೆ ನಡೆಸಲು ಕೊಡಬಹುದೆಂಬ ಅವಕಾಶವನ್ನು ನೀತಿಯಲ್ಲೇ ಸ್ಪಷ್ಟಪಡಿಸಿ, ಹಾಗೆ ಕೊಡುವಾಗ ಪಡೆಯುವ ದರವನ್ನು ಬಹಿರಂಗವಾಗಿ ಪ್ರಕಟಿಸುವ ಷರತ್ತು ಹಾಕಿ. ಬ್ರಿಟನ್ನಿನಲ್ಲಿ ಈ ದರ ಕೊಡುವವರು, ಪಡೆಯುವವರ ನಡುವಿನ ಗುಟ್ಟಾಗಿಯೇ ಉಳಿದುದರಿಂದ ಅದು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆಗೆ ಆಧಾರವೇ ಇರಲಿಲ್ಲ. ತಂತ್ರಜ್ಞಾನದ ಆಯ್ಕೆಯಲ್ಲೂ ಇಂದು ಕೈಗೆಟುಕುವ ಅತ್ಯುತ್ತಮ ಧ್ವನಿಸಂಕೋಚನ ವಿಧಾನದಿಂದಲೇ ಆರಂಭಿಸಿ. ಜೊತೆಗೆ ಸೆಟ್ಟುಗಳ ಚಿಂತೆಯನ್ನೂ ಮಾಡಿ. ಆಕಾಶವಾಣಿ ಮಧ್ಯಮ ತರಂಗದಲ್ಲಿ ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರ ನಡೆಸುತ್ತ ವರ್ಷಗಳೇ ಆದವು, ಕೆಲವು ಕಾರುಗಳನ್ನು ಬಿಟ್ಟರೆ ಅದನ್ನು ಹಿಡಿಯುವ ರೇಡಿಯೋ ಸಾಮಾನ್ಯ ಅಂಗಡಿಯಲ್ಲಿ ಕಾಣುವುದು ಅಪರೂಪ.

ಮುಚ್ಚುವ ವಿಚಾರದಲ್ಲಿ ನಿಯಮ ಕಟ್ಟುನಿಟ್ಟಾಗಿರಲಿ. ಯಾವುದೇ ಡಿಜಿಟಲ್ ವಾಹಿನಿಯನ್ನು ನಿಲ್ಲಿಸುವ ಅಥವಾ ಅದರ ಬಗೆಯನ್ನು ಬದಲಿಸುವ ಮುನ್ನ ತೊಂಬತ್ತು ದಿನಗಳ ಸಾರ್ವಜನಿಕ ಸೂಚನೆಯನ್ನು ಅದೇ ವಾಹಿನಿಯಲ್ಲಿ ಪ್ರಸಾರ ಮಾಡುವುದು ಕಡ್ಡಾಯವಾಗಲಿ. ಆ ಅವಧಿಯಲ್ಲಿ ಬೇರೆ ಯಾರಾದರೂ ವಹಿಸಿಕೊಳ್ಳಲು ಮುಂದೆ ಬಂದರೆ ಅವರ ಅರ್ಜಿಯನ್ನು ಪರಿಗಣಿಸುವ, ಕೇಳುಗರ ಅಹವಾಲುಗಳನ್ನು ದಾಖಲಿಸಿಕೊಳ್ಳುವ ಒಬ್ಬ ಅಧಿಕಾರಿ ಇರಲಿ. 6 ಮ್ಯೂಸಿಕ್‌ಗೆ ಇದ್ದ, ಟೀಮ್‌ರಾಕ್‌ಗೆ ಇಲ್ಲದ ಆ ವಿಳಾಸ ನಮಗೂ ಬೇಕು. ಚಂದಾ ಪಡೆಯುವ ಸೇವೆಯಾದರೆ ಮುಂಗಡ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಸೇವೆ ಸಂದ ತಿಂಗಳಿನ ಪಾಲನ್ನಷ್ಟೇ ಸಂಸ್ಥೆ ತೆಗೆದುಕೊಳ್ಳುವಂತಾಗಲಿ. ಆಗ ದಿವಾಳಿಯಾದರೂ ಉಳಿದ ಹಣ ಚಂದಾದಾರನದೇ ಆಗಿರುತ್ತದೆ. ವಾಹಿನಿಯ ಸಂದರ್ಶನಗಳು, ಸ್ಥಳೀಯ ತಂಡಗಳ ಧ್ವನಿಮುದ್ರಣಗಳು ಬಾಗಿಲು ಹಾಕಿದ ದಿನವೇ ಅಳಿಸಿಹೋಗದಂತೆ, ಅವುಗಳ ಒಂದು ಪ್ರತಿ ಆಕಾಶವಾಣಿಯ ಸಂಗ್ರಹಾಲಯಕ್ಕೆ ಸೇರುವ ವ್ಯವಸ್ಥೆಯಾಗಲಿ.

ಟ್ರಾಯ್ ಶಿಫಾರಸಿನ ಮೇಲೆ ನಿಮ್ಮ ಅಂತಿಮ ತೀರ್ಮಾನ ಹೊರಬೀಳುವ ಮೊದಲು ಕರಡು ನೀತಿಯನ್ನು ಕನ್ನಡವೂ ಸೇರಿದಂತೆ ಆಯಾ ನಗರದ ಭಾಷೆಗಳಲ್ಲಿ ಪ್ರಕಟಿಸಿ, ಕೇಳುಗರಿಂದ ಲಿಖಿತ ಅಭಿಪ್ರಾಯ ಪಡೆಯಲು ಕನಿಷ್ಠ ಮೂವತ್ತು ದಿನಗಳ ಕಾಲಾವಕಾಶ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ಬೆಂಗಳೂರಿನ ಒಬ್ಬ ರಾಕ್ ಕೇಳುಗ